ತಕ್ಕಡಿ ಮೇಸ್ತ್ರಿಯ ಸ್ವಂತ ತೂಕ

"ಊರಿನ ತೂಕವನ್ನೆಲ್ಲ ಸರಿಮಾಡೋನು ನಾನು. ನನ್ನ ತೂಕ ಸರಿಮಾಡ್ಕೊಳ್ಳೋದು ಯಾವ ಮಹಾ ಕೆಲಸ?"

ಆಸ್ಪತ್ರೆಯಿಂದ ಬಂದ ತಕ್ಕಡಿ ಮೇಸ್ತ್ರಿ ಹೊಸ್ತಿಲಲ್ಲೇ ನಿಂತು ಹೀಗೆಂದು ಲೋಕಕ್ಕೆಲ್ಲ ಸಾರಿದ. ಲೋಕದ ಪರವಾಗಿ ಆ ಹೊತ್ತು ಮನೆಯಲ್ಲಿದ್ದವಳು ಹೆಂಡತಿ ಒಬ್ಬಳೇ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವನದೊಂದು ಪ್ಯಾಂಟನ್ನು ಎರಡು ಕೈಗೂ ಎಟುಕುವಷ್ಟು ಅಗಲಿಸಿ ಹಿಡಿದು, ಅದರ ಮೇಲಿಂದ ಮುಖ ತೋರಿಸಿ, ಮೊದಲು ಚಪ್ಪಲಿ ಬಿಟ್ಟು ಒಳಗೆ ಬರುವಂತೆ ಹೇಳಿದಳು. ಚಪ್ಪಲಿ ಬಿಡುವುದೇ ಈಗ ಮೇಸ್ತ್ರಿಗೆ ದೊಡ್ಡ ಸಾಹಸವಾಗಿತ್ತು. ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ಒಂದು ಕಾಲು, ಉಸಿರು ತಿರುಗಿಸಿಕೊಂಡು ಇನ್ನೊಂದು ಕಾಲು.

ಅವನ ಕಸುಬೇ ತೂಕ. ಧಾನ್ಯದ ಮಂಡಿಯಲ್ಲಿ ಮೂಟೆ ತೂಗುವ ದೊಡ್ಡ ಹಾಸು ತಕ್ಕಡಿಯಿಂದ ಹಿಡಿದು ಅಕ್ಕಸಾಲಿಗನ ಚಿಟಿಕೆ ತಕ್ಕಡಿಯವರೆಗೆ ಯಾವುದು ಕೆಟ್ಟರೂ ಬರುವುದು ಅವನ ಕೈಗೇ. ಹೆಸರಿಟ್ಟು ಅವನನ್ನು ಯಾರೂ ಕರೆಯುವುದಿಲ್ಲ; ಎಲ್ಲರಿಗೂ ಅವನು ಮೇಸ್ತ್ರಿ. ಅವನಿಗೊಂದು ವಿಚಿತ್ರ ಅಭ್ಯಾಸ. ಜನ ತೂಕದ ಯಂತ್ರವನ್ನು ಹತ್ತಿದ ಮೇಲೆ ಮುಳ್ಳು ನೋಡುತ್ತಾರೆ. ಮೇಸ್ತ್ರಿ ಹತ್ತುವ ಮೊದಲೇ ನೋಡುತ್ತಾನೆ. ಯಾರೂ ಹತ್ತದಿದ್ದಾಗ ಮುಳ್ಳು ನೆಟ್ಟಗೆ ಸೊನ್ನೆಯ ಮೇಲೆ ನಿಂತಿರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಅವನಿಗೆ ಆ ದಿನ ಊಟ ಸೇರುವುದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಊಟ ಸೇರದ ದಿನವನ್ನು ತಾನಂತೂ ನೋಡಿಲ್ಲ ಎಂದು ಹೆಂಡತಿ ಹೇಳುತ್ತಿದ್ದಳು.

ಹಾಸು ತಕ್ಕಡಿಗಳ ಹೊಟ್ಟೆಯೆಲ್ಲ ನೆಲದ ಮಟ್ಟದಲ್ಲಿರುತ್ತದೆ. ಅವನ್ನು ಬಿಚ್ಚಬೇಕಾದರೆ ಮಂಡಿಯೂರಬೇಕು. ಹಾಗೆ ಮಂಡಿಯೂರಿಯೂರಿಯೇ ಮೇಸ್ತ್ರಿಯ ಎರಡು ಮೊಣಕಾಲುಗಳೂ ಸವೆದುಹೋಗಿದ್ದವು. ಆಪರೇಷನ್ ಮಾಡಿ ಹೊಸ ಕೀಲು ಕೂರಿಸುತ್ತೇನೆ ಎಂದು ಮೂಳೆ ಡಾಕ್ಟರು ಒಪ್ಪಿದ್ದರು. ದಿನವನ್ನೂ ಗೊತ್ತುಮಾಡಿದ್ದರು. ಆದರೆ ಒಂದು ಗೆರೆಯನ್ನೂ ಎಳೆದಿದ್ದರು: ತೂಕ ತೊಂಬತ್ತು ಕಿಲೋ ಒಳಗಿರಬೇಕು. ಆವತ್ತು ಗೆರೆ ದಾಟಿದ್ದರೆ ಅವನ ಸರದಿ ಬಾಲಕ್ಕೆ ಹೋಗಿ ಸೇರುತ್ತದೆ, ಮತ್ತೆ ಕರೆ ಬರುವುದು ಮುಂದಿನ ವರ್ಷ. ಅಷ್ಟರಲ್ಲಿ ಅಂಗಡಿಯೇ ಇರುವುದಿಲ್ಲ ಎಂಬುದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ನೆಲಕ್ಕೆ ಕೂರಲಾರದ ತಕ್ಕಡಿ ಮೇಸ್ತ್ರಿಯನ್ನು ಯಾರು ಕರೆಯುತ್ತಾರೆ?

ಮೊಣಕಾಲು ಸರಿಯಾಗಬೇಕಾದರೆ ಆಪರೇಷನ್ ಆಗಬೇಕು. ಆಪರೇಷನ್ ಆಗಬೇಕಾದರೆ ತೂಕ ಇಳಿಯಬೇಕು. ತೂಕ ಇಳಿಯಬೇಕಾದರೆ ನಡೆಯಬೇಕು. ನಡೆಯಬೇಕಾದರೆ ಮೊಣಕಾಲು ಸರಿಯಾಗಬೇಕು! ಈ ದಾರದುಂಡೆಯ ತುದಿ ಎಲ್ಲಿದೆ ಸ್ವಾಮೀ ಎಂದು ಮೇಸ್ತ್ರಿ ಡಾಕ್ಟರನ್ನೇ ಕೇಳಿದ್ದ. ಡಾಕ್ಟರು ಗಡಿಯಾರ ನೋಡಿಕೊಂಡು, ಬಾಯಲ್ಲಿದೆ ಎಂದಿದ್ದರು. ಸ್ವಲ್ಪ ಬಾಯಿ ಕಟ್ಟಬೇಕಂತೆ, ಮನಸ್ಸು ಗಟ್ಟಿಮಾಡಬೇಕಂತೆ. ಡಾಕ್ಟರು ಬಿದಿರುಕಡ್ಡಿಯಂತಿದ್ದರು. ಹುಟ್ಟಿದಾರಭ್ಯ ಅವರು ಯಾವುದಕ್ಕೂ ಮನಸ್ಸು ಗಟ್ಟಿಮಾಡಿದಂತೆ ಕಾಣಲಿಲ್ಲ.

ಇದೆಲ್ಲವನ್ನೂ ಕೇಳಿದ ಹೆಂಡತಿ ಪ್ಯಾಂಟನ್ನು ಮಡಿಸಿ ಬದಿಗಿಟ್ಟಳು. ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಈಗ ಹೊರಗೆ ಹಾಕಿದಳು.

"ನೀವು ಮನೇಲಿ ತಿನ್ನೋದು ನನ್ನ ಕಣ್ಣಿಗೆ ಕಾಣತ್ತೆ. ಅಷ್ಟಕ್ಕೆ ಯಾರೂ ಇಷ್ಟು ದಪ್ಪ ಆಗಲ್ಲ. ಹೊರಗಡೆ ಏನು ತಿಂತೀರಿ ಅಂತ ನಿಜ ಹೇಳಿಬಿಡಿ. ನಾನೇನೂ ಜಗಳ ಮಾಡಲ್ಲ."

ಜಗಳ ಮಾಡುವುದಿಲ್ಲ ಎಂದು ಅವಳು ಹೇಳಿದ ಮೇಲೆ ಜಗಳವಾಗದೆ ಇದ್ದದ್ದು ಆ ಮನೆಯ ಚರಿತ್ರೆಯಲ್ಲೇ ಇಲ್ಲ. ಆವತ್ತೂ ಆಯಿತು. ಅವಳು ಸಣಕಲು ಮೈಯವಳು. ಸಾಲದ್ದಕ್ಕೆ ಊಟದಲ್ಲಿ ಗಟ್ಟಿಗಿತ್ತಿ. ಊಟ ಮುಗಿದ ಮೇಲೆ ಪಾತ್ರೆಯ ತಳ ಕಂಡಿತೋ ಇಲ್ಲವೋ ಎಂದು ನೋಡುವಷ್ಟು ಗಟ್ಟಿಗಿತ್ತಿ. ತಿಂದದ್ದೆಲ್ಲ ಎಲ್ಲಿ ಹೋಗುತ್ತದೆಂದು ಅವಳಿಗೇ ಗೊತ್ತಿಲ್ಲ. ಹಾಗಿರುವಾಗ, ತಾನು ತಿನ್ನುವುದರ ಮುಕ್ಕಾಲು ಪಾಲು ತಿಂದು ತನ್ನ ಹತ್ತಿರಹತ್ತಿರ ಎರಡರಷ್ಟು ತೂಗುವ ಗಂಡ ಕಳ್ಳನಲ್ಲದೆ ಮತ್ತೇನು? ಲೆಕ್ಕ ಸರಿಯಾಗೇ ಇತ್ತು.

ಮೇಸ್ತ್ರಿಯ ಸ್ವಾಭಿಮಾನ ಭುಗಿಲೆದ್ದಿತು. ಕಡಿಮೆ ತೂಗುವ ಅಂಗಡಿಯವರನ್ನು ಮುಖಕ್ಕೆ ಹೊಡೆದಂತೆ ಬೈದು ಬರುವವನಿಗೆ ಮನೆಯಲ್ಲೇ ಕಳ್ಳನ ಪಟ್ಟ! ಅವನು ಅಂಗಡಿಗೆ ಹೋಗಿ, ಅಕ್ಕಸಾಲಿಗನೊಬ್ಬ ಬಿಟ್ಟುಹೋಗಿದ್ದ ಎರಡು ತಟ್ಟೆಯ ತಕ್ಕಡಿಯನ್ನು ತಂದು ಊಟದ ಮೇಜಿನ ನಡುವೆ ಪ್ರತಿಷ್ಠಾಪಿಸಿದ.

"ಇವತ್ತಿಂದ ನೀನು ತಿಂದಷ್ಟೇ ನಾನು. ಡಾಕ್ಟರು ಹೇಳಿದ ಊಟ ಇಬ್ಬರಿಗೂ. ನೀನು ನಡೆದಷ್ಟೇ ನಡೀತೀನಿ, ಮಲಗಿದಷ್ಟೇ ಮಲಗ್ತೀನಿ. ಬೇಕಾದ್ರೆ ಅಂಗಡಿಗೂ ಬಂದು ಕೂತ್ಕೋ. ಕಳ್ಳ ಯಾರು ಅಂತ ತಕ್ಕಡಿನೇ ಹೇಳ್ಲಿ."

ಹೆಂಡತಿ ಕೂಡಲೇ ಒಪ್ಪಿದಳು. ಅಷ್ಟು ಬೇಗ ಒಪ್ಪಿದ್ದು ನೋಡಿ ಮೇಸ್ತ್ರಿಗೆ ಕೊಂಚ ಭಯವೇ ಆಯಿತು.

ಅಲ್ಲಿಂದ ಆ ಮನೆಯಲ್ಲಿ ಊಟವೆಂದರೆ ನ್ಯಾಯಾಲಯದ ಕಲಾಪ. ಬೇಯಿಸಿದ ತರಕಾರಿ ಈ ತಟ್ಟೆಗೆ ಒಂದು ತುಂಡು, ಆ ತಟ್ಟೆಗೆ ಒಂದು ತುಂಡು. ಸೌತೆಕಾಯಿ ಬಿಲ್ಲೆಯೊಂದು ದಪ್ಪವಾಗಿ ತಕ್ಕಡಿ ಬಲಕ್ಕೆ ವಾಲಿದರೆ ಮೇಸ್ತ್ರಿ ಅದನ್ನು ಚಾಕುವಿನಿಂದ ಹೆರೆಯುತ್ತಿದ್ದ. ಹೆರೆದ ಚೂರು ಯಾರಿಗೆ ಸೇರಬೇಕೆಂಬ ವಿಚಾರದಲ್ಲಿ ಒಮ್ಮೆ ಅರ್ಧ ಊಟ ಆರಿಹೋಯಿತು. ಅದನ್ನು ಎರಡಾಗಿ ಸೀಳುವುದೆಂದು ಕೊನೆಗೆ ತೀರ್ಮಾನವಾಯಿತು. ಬೆಳಗ್ಗೆ ಎದ್ದ ಕೂಡಲೇ ಇಬ್ಬರೂ ಒಬ್ಬರಾದ ಮೇಲೊಬ್ಬರು ನಡುಮನೆಯ ತೂಕದ ಯಂತ್ರ ಹತ್ತಬೇಕು. ಅದು ಮೇಸ್ತ್ರಿ ತಾನೇ ಪರೀಕ್ಷೆಯ ಕಲ್ಲಿಟ್ಟು ಸರಿಮಾಡಿದ ಯಂತ್ರ. ಸೂರ್ಯ ತಪ್ಪಿ ಹುಟ್ಟಿದರೂ ಅದರ ಮುಳ್ಳು ತಪ್ಪುವುದಿಲ್ಲ ಎಂದು ಅವನ ನಂಬಿಕೆ.

ಮೊದಲ ವಾರ ಮುಳ್ಳು ಚಕಚಕನೆ ಇಳಿಯಿತು. ತೊಂಬತ್ತೆಂಟಿದ್ದದ್ದು ತೊಂಬತ್ತಾರಕ್ಕೆ ಬಂತು. ಮೇಸ್ತ್ರಿ ಬೀದಿಯಲ್ಲಿ ಎದುರಾದವರಿಗೆಲ್ಲ ನಿಂತು ಉಪದೇಶ ಕೊಟ್ಟ. ಇದರಲ್ಲೇನಿದೆ, ಎಲ್ಲ ನಮ್ಮ ಕೈಯಲ್ಲೇ ಇರುವುದು, ಕೆಲವರಿಗೆ ಮನಸ್ಸೇ ಇರುವುದಿಲ್ಲ ಎಂದೆಲ್ಲ ಮಾತಾಡಿದ. ಥೇಟು ಮೂಳೆ ಡಾಕ್ಟರ ಧಾಟಿ! ಪಕ್ಕದ ಅಂಗಡಿಯ ದಪ್ಪನೆಯ ದರ್ಜಿ, ತನ್ನ ಅಳತೆ ಟೇಪನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡು, ಇನ್ನೊಂದು ವಾರ ಬಿಟ್ಟು ಬಂದು ಹೇಳು ಎಂದ.

ಇನ್ನೊಂದು ವಾರ ಬಿಟ್ಟು ಹೇಳಲು ಏನೂ ಉಳಿದಿರಲಿಲ್ಲ. ಮುಳ್ಳು ತೊಂಬತ್ತಾರರಲ್ಲಿ ಬೀಡುಬಿಟ್ಟಿತು. ಅಲ್ಲಿಂದ ಎಬ್ಬಿಸಲು ಮೇಸ್ತ್ರಿ ಮಾಡದ ಉಪಾಯವಿಲ್ಲ. ಹೆಂಡತಿ ಮಾರುಕಟ್ಟೆಗೆ ಹೊರಟರೆ ಕುಂಟುತ್ತಾ ಹಿಂದೆಯೇ ಹೊರಟ. ಅವಳು ಮಹಡಿ ಮೆಟ್ಟಿಲು ಹತ್ತಿದರೆ ಪಕ್ಕದ ಕಂಬಿ ಹಿಡಿದು, ಹಲ್ಲು ಕಚ್ಚಿ ತಾನೂ ಹತ್ತಿದ. ಅವಳು ಅದೇನನ್ನೋ ಮರೆತೆನೆಂದು ಮತ್ತೆ ಕೆಳಗಿಳಿದಾಗ ಮೆಟ್ಟಿಲಿನ ಮೇಲೇ ಕೂತು ಅತ್ತುಬಿಡುವಷ್ಟಾಯಿತು. ಹಸಿವೆಂದರೆ ಎಂಥದು! ಮೊದಲು ಹಸಿವು ಹೊಟ್ಟೆಯಲ್ಲಿರುತ್ತಿತ್ತು. ಈಗ ತಲೆಯಲ್ಲಿ ಬಂದು ಕೂತಿತ್ತು. ಮಂಡಿಯ ತಕ್ಕಡಿ ಬಿಚ್ಚುವಾಗ ಒಳಗಿನ ಸ್ಪ್ರಿಂಗು ತಿನ್ನುವ ವಸ್ತುವಿನಂತೆ ಕಂಡಿತು.

ಇತ್ತ ಹೆಂಡತಿಯ ಮುಳ್ಳು ಮಾತ್ರ ಯಾರೋ ಅಟ್ಟಿಸಿಕೊಂಡು ಬಂದಂತೆ ಇಳಿಯತೊಡಗಿತು. ಅದೇ ತರಕಾರಿ, ಅದೇ ಬಿಲ್ಲೆ, ಅದೇ ಚೂರಿನ ಅರ್ಧ! ಬಳೆ ಮೊಣಕೈವರೆಗೆ ಏರಿತು, ಕೆನ್ನೆ ಒಳಗೆ ಹೋಯಿತು. ನಲವತ್ತೆಂಟಕ್ಕೆ ಬಂದು ನಿಂತಾಗ ಅವಳು ಗಂಡನ ಕಡೆ ತಿರುಗಿ, ತಾನು ನಾಳೆಯಿಂದ ಅಂಗಡಿಗೆ ಬಂದು ಕೂರುತ್ತೇನೆ ಎಂದಳು. ಸಂಶಯಕ್ಕೆ ಅದೊಂದೇ ಜಾಗ ಉಳಿದಿತ್ತು.

ಬಂದು ಕೂತಳು. ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಗಂಡನ ಬಾಯನ್ನೇ ನೋಡಿದಳು. ಅವನು ಮೊಳೆಯೊಂದನ್ನು ತುಟಿಯಲ್ಲಿ ಕಚ್ಚಿಕೊಂಡರೆ ಎದ್ದು ಬಂದು ಅದು ಮೊಳೆಯೇ ಹೌದೆಂದು ಖಾತ್ರಿಮಾಡಿಕೊಂಡಳು. ಮಧ್ಯಾಹ್ನ ಬೇಕರಿಯವನು ತನ್ನ ತಕ್ಕಡಿ ತೆಗೆದುಕೊಂಡು ಬಂದ. ಜೊತೆಗೆ ಎಂದಿನಂತೆ ಬೆಣ್ಣೆ ಸವರಿದ ಬಿಸಿ ಬನ್ನು ತಂದಿದ್ದ. ಮೇಸ್ತ್ರಿಯ ಕಸುಬಿನಲ್ಲಿ ಇದೊಂದು ತಾಪತ್ರಯ: ಗಿರಾಕಿಗಳೆಲ್ಲ ತಿನ್ನುವ ವಸ್ತು ತೂಗುವವರೇ. ಸುಮ್ಮನೆ ಬರುವುದು ಮರ್ಯಾದೆಯಲ್ಲ ಎಂದು ಏನಾದರೂ ಹಿಡಿದೇ ಬರುತ್ತಾರೆ. ಮೊದಲೆಲ್ಲ ಅದನ್ನು ಬೀದಿಯ ಮಕ್ಕಳಿಗೆ ಹಂಚಿ, ಈಗ್ಗೆ ಒಂದು ತಿಂಗಳಿಂದ ಮುಟ್ಟುವುದೇ ಬೇಡವೆನ್ನುತ್ತಾ ಬಂದಿದ್ದ ಮೇಸ್ತ್ರಿ, ಆವತ್ತು ಹೆಂಡತಿಗೆ ಕೇಳಲಿ ಎಂದು ಕೊಂಚ ಜೋರಾಗಿಯೇ ಬೇಡವೆಂದ. ಬೇಕರಿಯವನ ಮುಖ ಕೆಂಪಾಯಿತು. ತನ್ನ ಬನ್ನಿನಲ್ಲಿ ಏನು ಕೊರತೆ ಕಂಡಿತೆಂದು ಕೇಳಿದ. ಮೇಸ್ತ್ರಿ ವಿವರಿಸಿದಷ್ಟೂ ಅವನ ಅನುಮಾನ ಬಲವಾಯಿತು. ಕೊನೆಗೆ ಅವನು ಬನ್ನು, ತಕ್ಕಡಿ ಎರಡನ್ನೂ ಎತ್ತಿಕೊಂಡು ಹೊರಟುಹೋದ. ಅವನ ತಕ್ಕಡಿ ಈಗ ಇನ್ನೊಂದು ಬೀದಿಯ ರಿಪೇರಿಯವನ ಹತ್ತಿರವಿದೆ ಎಂದು ಆಮೇಲೆ ತಿಳಿಯಿತು.

ಬನ್ನೂ ಹೋಯಿತು, ಗಿರಾಕಿಯೂ ಹೋದ. ಹೋಗದೆ ಉಳಿದದ್ದು ಮೇಸ್ತ್ರಿಯ ತೊಂಬತ್ತಾರು ಕಿಲೋ ಮಾತ್ರ.

ಆ ವಾರವೇ ಮೇಸ್ತ್ರಿಯ ಅತ್ತೆ ತಮ್ಮ ಮಗಳನ್ನು ನೋಡಲು ಬಂದರು. ಬಾಗಿಲಲ್ಲಿ ಮಗಳ ರೆಟ್ಟೆ ಹಿಡಿದು ನೋಡಿದರು, ನಡುಮನೆಯಲ್ಲಿ ಕೂತಿದ್ದ ಅಳಿಯನನ್ನು ನೋಡಿದರು, ಊಟದ ಮೇಜಿನ ಮೇಲೆ ನಿಂತಿದ್ದ ತಕ್ಕಡಿಯನ್ನೂ ನೋಡಿದರು. ಮೂರನ್ನೂ ಕೂಡಿಸಿ ಅವರು ಕಟ್ಟಿದ ಕಥೆ ಕಲ್ಲು ಕರಗಿಸುವಂತಿತ್ತು. ತನ್ನ ಮಗಳಿಗೆ ಅನ್ನವನ್ನು ಚಿನ್ನದಂತೆ ತೂಗಿ ಹಾಕಿ, ಮಿಕ್ಕದ್ದನ್ನೆಲ್ಲ ತಾನು ಮುಕ್ಕುವ ಅಳಿಯ! ಹೆಂಡತಿ ಎಷ್ಟು ವಿವರಿಸಿದರೂ ಅತ್ತೆ ನಂಬಲಿಲ್ಲ. ಇಬ್ಬರೂ ಒಂದೇ ಸಮ ತಿನ್ನುತ್ತೇವೆ ಎಂಬ ಮಾತಿಗೆ ಅವರು ಅಳಿಯನ ಹೊಟ್ಟೆಯ ಕಡೆಗೊಮ್ಮೆ, ಮಗಳ ಕೊರಳ ಮೂಳೆಯ ಕಡೆಗೊಮ್ಮೆ ಬೆರಳು ತೋರಿಸಿದರು. ಹೊರಡುವಾಗ ಮೇಸ್ತ್ರಿಗೆ ಕೇಳುವಂತೆ, ಮಗಳಿಗೆ ಮನಸ್ಸಾದಾಗ ತವರಿಗೆ ಬರಬಹುದೆಂದು ಹೇಳಿದರು.

ಅತ್ತೆ ಬೀದಿಯ ತಿರುವು ದಾಟುವವರೆಗೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದು ಗಂಡನ ಎದುರು ಕೂತಾಗ ಅವಳ ಕಣ್ಣು ತುಂಬಿತ್ತು.

"ಅಮ್ಮ ನಿಮ್ಮನ್ನ ನೋಡಿದ ಹಾಗೇ ನಾನೂ ಇಷ್ಟು ವರ್ಷ ನೋಡ್ದೆ ಅಲ್ವಾ? ನೀವು ಕದ್ದು ತಿಂತಿರಲಿಲ್ಲ. ನನಗೆ ಈಗ ಗೊತ್ತಾಯ್ತು. ತಪ್ಪಾಯ್ತು ರೀ."

ಮೇಸ್ತ್ರಿಗೆ ಎದೆ ತುಂಬಿಬಂತು. ಗೆದ್ದೆನೆಂದು ಕುಣಿಯಬೇಕೆನಿಸಿತು, ಮೊಣಕಾಲು ಒಪ್ಪಲಿಲ್ಲ. ಆದರೆ ಆ ಸಂತೋಷ ಆರುವ ಮೊದಲೇ ಅದರ ಹಿಂದಿನಿಂದ ಇನ್ನೊಂದು ಯೋಚನೆ ಬಂದು ಅವನನ್ನು ಕುಸಿದು ಕೂರಿಸಿತು. ಕದ್ದು ತಿನ್ನುತ್ತಿದ್ದಿದ್ದರೆ ಕದಿಯುವುದನ್ನು ಬಿಡಬಹುದಿತ್ತು. ಕಳ್ಳನಿಗೆ ತಿದ್ದಿಕೊಳ್ಳಲು ದಾರಿಯಾದರೂ ಇದೆ. ತಾನು ಏನನ್ನು ಬಿಡಬೇಕು? ಬಿಡಲು ಇನ್ನೇನೂ ಉಳಿದಿಲ್ಲವಲ್ಲ! ತನ್ನ ನಿರಪರಾಧಿತನದಷ್ಟು ಭಯಂಕರವಾದ ಸುದ್ದಿಯನ್ನು ಅವನು ಜನ್ಮದಲ್ಲೇ ಕೇಳಿರಲಿಲ್ಲ.

ಅವತ್ತೇ ಅವನು ಹೆಂಡತಿಗೆ, ಈ ಪಂದ್ಯ ಸಾಕು, ನೀನು ಹೊಟ್ಟೆ ತುಂಬ ತಿನ್ನು ಎಂದ. ಅವಳು ಕೇಳಲಿಲ್ಲ. ಆಪರೇಷನ್ ಆಗುವವರೆಗೆ ತನ್ನ ತಟ್ಟೆಯೂ ಅಷ್ಟೇ ಎಂದು ಹಟ ಹಿಡಿದಳು. ಮೊದಲು ಕಾವಲಿಗೆ ಕೂತಿದ್ದವಳು ಈಗ ಜೊತೆಗೆ ಕೂತಳು. ಹಸಿದವರಿಬ್ಬರೂ ತಕ್ಕಡಿಯ ಆಚೀಚೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಾ ಸೌತೆಕಾಯಿ ಅಗಿದರು. ಆಸ್ಪತ್ರೆಯ ದಿನ ಬರುವ ಹೊತ್ತಿಗೆ ಮುಳ್ಳು ಬಹಳ ಕೃಪೆ ಮಾಡಿ ತೊಂಬತ್ತೈದಕ್ಕೆ ಇಳಿದಿತ್ತು.

ಆಸ್ಪತ್ರೆಯಲ್ಲಿ ತೂಕದ ಕೋಣೆಯ ಮುಂದೆ ಉದ್ದನೆಯ ಬೆಂಚು. ಅಲ್ಲಿ ಕೂತಿದ್ದವರೆಲ್ಲ ಮೊಣಕಾಲಿನವರು. ಯಾರು ಎದ್ದರೂ ಮೊದಲು ಒಂದು ನಿಟ್ಟುಸಿರು, ಆಮೇಲೆ ಮನುಷ್ಯ. ಮೇಸ್ತ್ರಿಯ ಪಕ್ಕದಲ್ಲಿ ಒಬ್ಬ ದಪ್ಪ ಹೆಂಗಸು ಕೂತಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ ಕೆಲಸವಂತೆ. ಓಲಾಡುವ ಬಸ್ಸಿನಲ್ಲಿ ದಿನವಿಡೀ ನಿಂತು ನಿಂತು ಮೊಣಕಾಲು ಹೋಗಿದೆ. ಅವಳು ಈ ಬೆಂಚಿಗೆ ಬರುತ್ತಿರುವುದು ಇದು ಮೂರನೇ ಸಲ. ಹಿಂದಿನ ಎರಡು ಸಲವೂ ಗೆರೆ ದಾಟಿ ವಾಪಸ್ಸು ಹೋಗಿದ್ದಳು. ಈ ಸಲವೂ ಕಾಲಿನ ಆಪರೇಷನ್ ಆಗದಿದ್ದರೆ ಕೆಲಸದಿಂದ ಬಿಡಿಸುತ್ತೇವೆ ಎಂದು ಡಿಪೋದವರು ಹೇಳಿಬಿಟ್ಟಿದ್ದಾರಂತೆ. ಇದನ್ನೆಲ್ಲ ಅವಳು ಮುಂದಿನ ನಿಲ್ದಾಣದ ಹೆಸರು ಹೇಳುವಷ್ಟು ಸಹಜವಾಗಿ ಹೇಳಿದಳು.

ಮೇಸ್ತ್ರಿಯ ಹೆಂಡತಿ ತಮ್ಮ ತಕ್ಕಡಿಯ ಕಥೆ ಹೇಳಿದಾಗ ಕಂಡಕ್ಟರ್ ಜೋರಾಗಿ ನಕ್ಕಳು.

"ಅಕ್ಕಾ, ನಮ್ಮ ಡ್ರೈವರ್ರೂ ನಾನೂ ಹತ್ತು ವರ್ಷದಿಂದ ಒಂದೇ ಹೋಟೆಲಲ್ಲಿ ಒಂದೇ ಊಟ ಮಾಡೋದು. ಅವರು ಸ್ಟೇರಿಂಗ್ ಹಿಂದೆ ಇದ್ದಾರೋ ಇಲ್ವೋ ಅಂತ ಜನ ಬಗ್ಗಿ ನೋಡ್ತಾರೆ. ನನ್ನನ್ನ ದಾಟಿ ಹೋಗೋಕೆ ಜಾಗ ಬಿಡಿ ಅಂತಾರೆ."

ಮೇಲಿನ ಮಹಡಿಯ ಇನ್ನೊಬ್ಬ ಡಾಕ್ಟರಮ್ಮ ಅವಳನ್ನು ಕೂರಿಸಿ ನಿಧಾನವಾಗಿ ವಿವರಿಸಿದ್ದರಂತೆ. ಎಲ್ಲರ ಮೈಯೂ ಒಂದೇ ಥರ ಇರುವುದಿಲ್ಲ. ಊಟ ಕಡಿಮೆಯಾದರೆ ಕೆಲವರ ಮೈ, ಬರಗಾಲ ಬಂತೆಂದು ಗಾಬರಿಬಿದ್ದು ಉಗ್ರಾಣಕ್ಕೆ ಬೀಗ ಹಾಕಿಕೊಳ್ಳುತ್ತದೆ. ಇದ್ದದ್ದರಲ್ಲೇ ಸಂಸಾರ ನಡೆಸುತ್ತದೆ. ಮೇಲಿಂದ ಹಸಿವನ್ನು ಎರಡರಷ್ಟು ಮಾಡುತ್ತದೆ. ಅಪ್ಪ ಅಮ್ಮನಿಂದ ಬಂದ ಮೈ, ಪಾಳಿಯ ಕೆಲಸ, ಕೆಟ್ಟ ನಿದ್ದೆ, ನೋವಿನ ಮಾತ್ರೆ, ಎಲ್ಲವೂ ಸೇರಿಕೊಳ್ಳುತ್ತವೆ. ಇಷ್ಟೆಲ್ಲ ಗೊತ್ತಿದ್ದೂ ಗೆರೆಯನ್ನು ಯಾಕೆ ಸ್ವಲ್ಪ ಮೇಲೆ ಎಳೆಯಬಾರದು ಎಂದು ಇವಳು ಕೇಳಿದಳಂತೆ. ಅದು ಮೂಳೆಯವರ ಗೆರೆ, ನನ್ನದಲ್ಲ ಎಂದರಂತೆ ಡಾಕ್ಟರಮ್ಮ.

ಮೇಸ್ತ್ರಿ ಬಾಯಿ ತೆರೆದುಕೊಂಡು ಆಲಿಸಿದ. ಬೀದಿಯಲ್ಲಿ ನಿಂತು ತಾನು ಕೊಟ್ಟ ಉಪದೇಶಗಳು ನೆನಪಾಗಿ ಅವನಿಗೆ ನಾಚಿಕೆಯಾಯಿತು. ದರ್ಜಿಗೆ ಹೇಗೆ ಮುಖ ತೋರಿಸುವುದು ಎಂದು ಯೋಚಿಸುತ್ತಿರುವಾಗಲೇ ನರ್ಸು ಅವನನ್ನು ಒಳಗೆ ಕರೆದಳು. ಸರದಿಯಲ್ಲಿ ಮುಂದಿನವಳು ಕಂಡಕ್ಟರೇ ಆದ್ದರಿಂದ ಅವಳೂ ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ಚಪ್ಪಲಿಯನ್ನು ಆಗಲೇ ಬಿಟ್ಟಿದ್ದಳು. ಚಪ್ಪಲಿಯ ತೂಕವನ್ನೂ ನಂಬುವಂತಿರಲಿಲ್ಲ.

ಕೋಣೆಯ ಮೂಲೆಯಲ್ಲಿ ನೆಟ್ಟಗೆ ನಿಂತ ಹಳೆಯ ಕಾಲದ ತೂಕದ ಯಂತ್ರ. ದೊಡ್ಡ ಗಡಿಯಾರದಂಥ ಮುಖ, ಕಪ್ಪು ಮುಳ್ಳು. ಅಭ್ಯಾಸಬಲದಿಂದ ಮೇಸ್ತ್ರಿ ಹತ್ತುವ ಮೊದಲೇ ಮುಳ್ಳು ನೋಡಿದ. ಮುಳ್ಳು ಸೊನ್ನೆಯ ಮೇಲಿರಲಿಲ್ಲ. ಸೊನ್ನೆಗಿಂತ ಹಿಂದೆ, ಸುಮಾರು ಆರು ಕಿಲೋದಷ್ಟು ಹಿಂದೆ, ಹಾಯಾಗಿ ಒರಗಿಕೊಂಡಿತ್ತು.

ಹತ್ತಿದ. ಮುಳ್ಳು ಓಡಿ ಬಂದು ಎಂಬತ್ತೊಂಬತ್ತರಲ್ಲಿ ನಿಂತಿತು.

"ಪರವಾಗಿಲ್ಲ ಅಂಕಲ್, ಪಾಸು" ಎಂದು ನರ್ಸು ಬರೆದುಕೊಂಡಳು.

ಹೆಂಡತಿಗೆ ಎಲ್ಲವೂ ಅರ್ಥವಾಗಿತ್ತು. ಕೆಟ್ಟ ತಕ್ಕಡಿ ಕಂಡಾಗ ಗಂಡನ ಮುಖ ಹೇಗಾಗುತ್ತದೆ ಎಂದು ಅವಳಿಗೆ ಗೊತ್ತಿಲ್ಲವೇ? ಅವಳು ಹತ್ತಿರ ಬಂದು ಅವನ ಮೊಣಕೈಯನ್ನು ಬಿಗಿಯಾಗಿ ಹಿಡಿದು ಹೊರಗೆ ಎಳೆದಳು. ಮೇಸ್ತ್ರಿಯೂ ಬಾಯಿ ಮುಚ್ಚಿಕೊಂಡೇ ಇದ್ದ, ಪಾಪ. ಇಡೀ ಆಯುಷ್ಯದಲ್ಲಿ ಒಂದೇ ಒಂದು ಸಲ ಒಂದು ತಕ್ಕಡಿ ತನ್ನ ಕಡೆಗೆ ವಾಲಿದೆ. ಇದೊಂದನ್ನು ನೋಡದವನಂತೆ ಹೋಗಿಬಿಡೋಣ ಎಂದು ತೀರ್ಮಾನಿಸಿದ್ದ. ಬಾಗಿಲವರೆಗೂ ಬಂದಿದ್ದ. ಹೊಸ ಕೀಲು, ಅಂಗಡಿ, ಮಂಡಿಯ ಹಾಸು ತಕ್ಕಡಿ ಎಲ್ಲವೂ ಬಾಗಿಲಾಚೆ ಸಾಲಾಗಿ ನಿಂತು ಕಾಯುತ್ತಿದ್ದವು. ಅಷ್ಟರಲ್ಲಿ ನರ್ಸು ತಲೆಯೆತ್ತದೆಯೇ, ಮನೆಯಲ್ಲಿ ನೋಡಿಕೊಂಡಾಗ ಎಷ್ಟಿತ್ತು ಎಂದು ಕೇಳಿದಳು. ಅದನ್ನೂ ಬರೆಯಬೇಕಿತ್ತು.

ತೂಕದ ವಿಷಯದಲ್ಲಿ ಮೇಸ್ತ್ರಿಗೆ ಸುಳ್ಳು ಬರುವುದಿಲ್ಲ. ತೊಂಬತ್ತೈದು ಎಂದ.

ನರ್ಸು ನಕ್ಕಳು. "ಮನೆ ಮಷೀನ್ ನಂಬಬೇಡಿ ಅಂಕಲ್. ಬೀದಿಬದಿ ರಿಪೇರಿಯವರು ಕೈಯಿಟ್ಟ ಮೇಲೆ ಅವು ನೆಟ್ಟಗಿರಲ್ಲ."

ಮುಗಿಯಿತು! ಬೀದಿಬದಿ ರಿಪೇರಿಯವರು! ಎರಡು ತಿಂಗಳ ಹಸಿವು, ಕಳ್ಳನ ಪಟ್ಟ, ಬೇಕರಿಯವನ ಕೋಪ, ಅತ್ತೆಯ ಬೆರಳು, ಇಷ್ಟನ್ನೂ ನುಂಗಿಕೊಂಡಿದ್ದ ಮೇಸ್ತ್ರಿಗೆ ಈ ಒಂದು ಮಾತನ್ನು ನುಂಗಲಾಗಲಿಲ್ಲ. ಹೆಂಡತಿ ಅವನ ಕಾಲನ್ನು ಬಲವಾಗಿ ತುಳಿದಳು. ನಲವತ್ತೆಂಟು ಕಿಲೋದ ತುಳಿತ ಅವನಿಗೆ ತಿಳಿಯಲೇ ಇಲ್ಲ.

"ಸಿಸ್ಟರ್, ಸುಳ್ಳು ಹೇಳ್ತಿರೋದು ನನ್ನ ಮಷೀನಲ್ಲ, ನಿಮ್ದು. ಆರು ಕಿಲೋ ತಿಂದುಹಾಕ್ತಿದೆ."

ನರ್ಸು ಒಪ್ಪಲಿಲ್ಲ. ವರ್ಷಗಳಿಂದ ಎಲ್ಲರನ್ನೂ ಇದರಲ್ಲೇ ತೂಗುತ್ತಿದ್ದೇವೆ ಎಂದಳು. ಮೇಸ್ತ್ರಿಗೆ ಆಧಾರ ಬೇಕಾಯಿತು. ಪರೀಕ್ಷೆಯ ಕಲ್ಲು ಅಂಗಡಿಯಲ್ಲಿತ್ತು. ಆದರೆ ಕಲ್ಲಿಗಿಂತ ನಿಖರವಾದ ತೂಕವೊಂದು ಅವನ ಪಕ್ಕದಲ್ಲೇ ನಿಂತು, ಬೇಡ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿತ್ತು. ದಿನವೂ ಬೆಳಗ್ಗೆ ತಾನೇ ತೂಗಿ ನೋಡಿದ ಹೆಂಡತಿ! ಅವಳನ್ನು ಹತ್ತಿಸಿದ. ಇವಳು ನಲವತ್ತೆಂಟು, ನಿಮ್ಮ ಮುಳ್ಳು ನಲವತ್ತೆರಡು ತೋರಿಸುತ್ತದೆ ನೋಡಿ ಎಂದು ಮೊದಲೇ ಭವಿಷ್ಯ ಹೇಳಿದ. ಮುಳ್ಳು ನಲವತ್ತೆರಡಕ್ಕೆ ಬಂದು ನಿಂತಿತು. ಗಂಡನ ವಿರುದ್ಧ ಸಾಕ್ಷಿ ಹೇಳಬೇಕಾಗಿ ಬಂದ ಆ ಸಾಧ್ವಿ ಯಂತ್ರದಿಂದ ಇಳಿದು, ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಹಾಗಾದರೆ ನೀವೇ ಸರಿಮಾಡಿಕೊಡಿ ಎಂದಳು ನರ್ಸು. ಮೇಸ್ತ್ರಿಗೆ ಅಷ್ಟೇ ಬೇಕಾಗಿತ್ತು. ಅಂಗಿ ಜೇಬಿನಲ್ಲಿ ಸ್ಕ್ರೂಡ್ರೈವರ್ ಇದ್ದೇ ಇತ್ತು. ಸ್ಕ್ರೂ ಇದ್ದದ್ದು ಯಂತ್ರದ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಂತೆ. ಆ ಮೊಣಕಾಲಿನಲ್ಲಿ ಅವನು ಹೇಗೆ ನೆಲಕ್ಕೆ ಇಳಿದನೆಂದು ಅವನಿಗೇ ಗೊತ್ತಾಗಲಿಲ್ಲ. ಒಂದು ಕೈಯಲ್ಲಿ ಕಂಬ ಹಿಡಿದು, ಕೆನ್ನೆಯನ್ನು ತಣ್ಣನೆಯ ಕಬ್ಬಿಣಕ್ಕೆ ಒತ್ತಿ, ಸ್ಕ್ರೂವನ್ನು ನಿಧಾನವಾಗಿ ತಿರುಗಿಸಿದ. ಮೇಲೆ ಮುಳ್ಳು ನಡುಗಿತು, ತೆವಳಿತು, ಸೊನ್ನೆಯ ಮೇಲೆ ಬಂದು ನೆಟ್ಟಗೆ ನಿಂತಿತು. ಕತ್ತೆತ್ತಿ ನೋಡಿದ ಮೇಸ್ತ್ರಿಗೆ ಆ ಎರಡು ಕ್ಷಣ ಎಂಥ ಸಂತೋಷವಾಯಿತು! ಹಸಿವಿಲ್ಲ, ನೋವಿಲ್ಲ, ಆಪರೇಷನ್ ಇಲ್ಲ; ಇಡೀ ಲೋಕದಲ್ಲಿ ಇರುವುದು ಸೊನ್ನೆಯ ಮೇಲೆ ನಿಂತ ಒಂದು ಮುಳ್ಳು.

ಮೂರನೆಯ ಕ್ಷಣದಲ್ಲಿ ಎಲ್ಲವೂ ವಾಪಸ್ಸು ಬಂತು. ಏಳಲು ನೋಡಿದ, ಮೊಣಕಾಲು ಬಿಗಿದುಕೊಂಡಿತ್ತು. ನರ್ಸು ಅವನು ಮತ್ತೆ ಹತ್ತುವವರೆಗೂ ಕಾಯಲಿಲ್ಲ. ಎಂಬತ್ತೊಂಬತ್ತಕ್ಕೆ ಆರನ್ನು ಕೂಡಿಸಿದಳು, ಪಾಸು ಎಂದು ಬರೆದದ್ದರ ಮೇಲೆ ಗೆರೆ ಎಳೆದಳು, ಮುಂದಿನ ವರ್ಷ ಕರೆ ಬರುತ್ತದೆ ಎಂದಳು. ಹೊರಗಿನ ಸರದಿ ಉದ್ದವಿತ್ತು. ಮುಂದಿನವರು ಬರಲಿ ಎಂದು ಕೂಗಿದಳು.

ಮೇಸ್ತ್ರಿ ಇನ್ನೂ ಯಂತ್ರದ ಬುಡದಲ್ಲೇ ಇದ್ದ. ಅವನ ಮುಖದ ಎದುರಿಗೆ ಎರಡು ಬರಿಗಾಲುಗಳು ಬಂದು ಹಲಗೆಯ ಮೇಲೆ ನಿಂತವು. ಬಿರುಕುಬಿಟ್ಟ, ಊದಿಕೊಂಡ ಪಾದಗಳು. ಹಾಗೆ ಮಾಡಿದರೆ ಹಗುರವಾಗಬಹುದೇನೋ ಎಂಬಂತೆ ಆ ಹಿಮ್ಮಡಿಗಳು ಒಂದಿಷ್ಟು ಮೇಲೆದ್ದವು. ಮೇಸ್ತ್ರಿ ಜನ್ಮದಲ್ಲಿ ಮೊದಲ ಬಾರಿಗೆ ಮುಳ್ಳಿನ ಕಡೆ ನೋಡಲು ಹೆದರಿದ. ನೋಡಿದ. ಎಂಬತ್ತೈದು, ಎಂಬತ್ತೆಂಟು, ಅಲ್ಲೇ ನಿಲ್ಲು ನಿನ್ನ ದಮ್ಮಯ್ಯ ಎಂದು ಮನಸ್ಸಿನಲ್ಲೇ ಅಂಗಲಾಚಿದ. ಅವನೇ ಸರಿಮಾಡಿದ ಮುಳ್ಳು ಅವನ ಮಾತು ಕೇಳಲಿಲ್ಲ. ತೊಂಬತ್ತನ್ನು ದಾಟಿ ತೊಂಬತ್ತೆರಡರಲ್ಲಿ ನಿಂತಿತು.

ನರ್ಸು ಬರೆದುಕೊಂಡಳು. ಹಿಮ್ಮಡಿಗಳು ನಿಧಾನವಾಗಿ ಹಲಗೆಗೆ ತಾಗಿದವು. ಕಂಡಕ್ಟರ್ ಕಂಬ ಹಿಡಿದು ಒಂದೊಂದೇ ಕಾಲಿಟ್ಟು ಇಳಿದಳು. ಬೈಯುತ್ತಾಳೆ, ಬೈಯಲಿ ಎಂದು ಮೇಸ್ತ್ರಿ ತಲೆ ತಗ್ಗಿಸಿ ಕಾದ. ಅವಳು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ತೀರಾ ಮೆಲ್ಲಗೆ ಕೇಳಿದಳು.

"ಅಣ್ಣಾ, ನಾನೊಬ್ಬಳು ಹತ್ತಿ ಇಳಿಯೋವರೆಗೆ ತಡ್ಕೊಳ್ಳೋಕ್ಕಾಗ್ಲಿಲ್ವಾ?"

ಮೇಸ್ತ್ರಿ ನೆಲ ತಡವಿದ. ಕಣ್ಣು ಮಂಜಾಗಿ ಸ್ಕ್ರೂಡ್ರೈವರ್ ಎಲ್ಲಿ ಬಿತ್ತೆಂದೂ ಕಾಣಲಿಲ್ಲ. ಕಂಡಕ್ಟರ್ ಬಗ್ಗಿ ತನ್ನ ಕೈ ಚಾಚಿದಳು. ಇನ್ನೊಂದು ರೆಟ್ಟೆಯನ್ನು ಹೆಂಡತಿ ಬಂದು ಹಿಡಿದಳು. ಇಬ್ಬರೂ ಸೇರಿ ಅವನನ್ನು ಮೇಲಕ್ಕೆಳೆದು ನಿಲ್ಲಿಸುವಾಗ ಟಕ್ಕೆಂದು ಸದ್ದಾಯಿತು. ಅದು ಯಾರ ಮೊಣಕಾಲೆಂದು ಮೂವರಿಗೂ ತಿಳಿಯಲಿಲ್ಲ.